ಹುಡ್ ಹರಿದ ಕಾರು

ಮ್ಯಾಂಚೆಸ್ಟರ್

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಆರಾಮ. ನಮ್ಮೂರು ಶಾಂತಳ್ಳಿ ಕಡೆ ಮಳೆ ಜೋರಾಗಿ ಹಿಡಿದಿದೆ, ಕರೆಂಟೂ ಇಲ್ಲ ಅಂತ ತಮ್ಮ ಹೇಳಿದ. ಫೋನಲ್ಲಿ ಮಾತು ಪೂರ್ತಿಯಾಗುವುದಿಲ್ಲ, ಅದಕ್ಕೇ ಈ ಕಾಗದ.

ಹುಡ್, ಅಂದರೆ ತಲೆ ಮೇಲಿನ ಮಡಚುವ ಚಾವಣಿ, ಹರಿದ ಕಾರನ್ನು ಯಾಕೆ ಇಟ್ಟುಕೊಂಡಿದ್ದೀಯ, ಮಾರಿಬಿಡು ಅಂದಿರಲ್ಲ ಅಪ್ಪಾ. ಅದು ಮಜ್ದಾ ಎಂಎಕ್ಸ್-5, 1989ರಲ್ಲಿ ಬಂದ ಮೊದಲ ಮಾದರಿಯದ್ದು. 1997ಕ್ಕೆ ಆ ಮಾದರಿ ನಿಂತೇಹೋಯಿತು. ಎರಡೇ ಸೀಟು. ಹುಡ್ ವಿನೈಲಿನದು (ರೆಕ್ಸಿನ್ ಥರದ್ದು), ಹಿಂದಿನ ಕಿಟಕಿ ಗಾಜಲ್ಲ, ಪ್ಲಾಸ್ಟಿಕ್ಕು. ಗಾಜು ಬಂದದ್ದು ಮುಂದಿನ ಮಾದರಿಗೆ. ಈ ಪ್ಲಾಸ್ಟಿಕ್ ಈಗ ಹಳದಿಗಟ್ಟಿದೆ. ರಾತ್ರಿ ಹಿಂದೆ ಬರುವ ಗಾಡಿಯ ದೀಪ ಅದರಲ್ಲಿ ಪೂರಾ ಹರಡಿಕೊಂಡು, ಕಾರೋ ಲಾರಿಯೋ ಗೊತ್ತಾಗುವುದಿಲ್ಲ. ಚಳಿಯಲ್ಲಿ ಅದು ಸೆಟೆದುಕೊಳ್ಳುತ್ತದೆ, ಹಾಗೇ ಮಡಚಿದರೆ ಸೀಳುತ್ತದೆ. ಅದಕ್ಕೆ ಮೊದಲು ಜಿಪ್ ಬಿಚ್ಚಿ, ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸಿ, ಮೇಲೊಂದು ಬಟ್ಟೆ ಹಾಸಿ, ಆಮೇಲೆ ಹುಡ್ ಇಳಿಸಬೇಕು. (ಆ ಬಟ್ಟೆ ನಿಮ್ಮ ಹಳೇ ಪಂಚೆ. ಅಮ್ಮನಿಗೆ ಹೇಳಬೇಡಿ.)

ಇಲ್ಲಿ ವರ್ಷಕ್ಕೆಲ್ಲ ಸೇರಿ ಬೀಳುವುದು 33 ಇಂಚಿನ ಆಸುಪಾಸು. ಒಳ್ಳೆ ಮಳೆಯ ವರ್ಷ ನಿಮ್ಮ ಮಳೆ ಡೈರಿಯಲ್ಲಿ ಜುಲೈ ಮುಗಿಯುವುದರೊಳಗೆ ಅಷ್ಟು ತುಂಬಿರುತ್ತದೆ. ಆದರೆ ಇಲ್ಲಿಯದು ಸುರಿದು ಬಿಡುವ ಮಳೆಯಲ್ಲ, ದಿನವಿಡೀ ಜಿಟಿಜಿಟಿ. ಹುಡ್ ಒಣಗುವುದೇ ಇಲ್ಲ. ಒದ್ದೆ ಇರುವಾಗ ಮಡಚಿಟ್ಟರೆ ಒಳಗೆಲ್ಲ ಬೂಸ್ಟು. ಹೊಲಿಗೆ ದಾರವೂ ಎರಡು ಕಡೆ ಬಿಟ್ಟಿದೆ, ಸದ್ಯಕ್ಕೆ ಟೇಪು ಹಚ್ಚಿದ್ದೇನೆ. ನೋಡಲು ಚೆನ್ನಾಗಿಲ್ಲ, ನಿಜ.

ನನಗೆ ಆ ಹರಿದದ್ದರ ಚಿಂತೆ ಅಷ್ಟಿಲ್ಲ. ಅಲ್ಲಿಂದ ಸೋರಿದ ನೀರು ಕಣ್ಣಿಗೆ ಕಾಣುತ್ತದೆ, ಒರೆಸಿದರಾಯಿತು. ಕಾಣದ ನೀರೇ ಕಾರನ್ನು ತಿನ್ನುವುದು. ಹುಡ್ ಮೇಲಿಂದ ಇಳಿದ ನೀರನ್ನು ಸೀಟಿನ ಹಿಂದೆ ಒಂದು ಪ್ಲಾಸ್ಟಿಕ್ ಪಟ್ಟಿ ಹಿಡಿದು, ಎರಡೂ ಮಗ್ಗುಲ ತೂತಿನಿಂದ ಕೆಳಗೆ ಬಿಡುತ್ತದೆ. ಸಿಲ್ವರ್ ಓಕ್ ಎಲೆ ಕಟ್ಟಿಕೊಂಡಾಗ ನಮ್ಮ ಹಂಚಿನ ದೋಣಿ ಏನು ಮಾಡುತ್ತದೋ, ಎಲೆ ಮಣ್ಣು ಸೇರಿ ಆ ತೂತು ಮುಚ್ಚಿದಾಗ ಇದೂ ಅದನ್ನೇ ಮಾಡುತ್ತದೆ. ನೀರು ಕಾರ್ಪೆಟ್ಟಿಗೆ ಬರುತ್ತದೆ, ಇಲ್ಲವೇ ಬಾಗಿಲ ಕೆಳಗಿನ ಉಕ್ಕಿನ ಪೆಟ್ಟಿಗೆಯಂಥ ಭಾಗಕ್ಕೆ ಇಳಿದು ಒಳಗಿಂದಲೇ ತುಕ್ಕು ಹಿಡಿಸುತ್ತದೆ. ಹೊರಗೆ ಪೇಂಟ್ ಉಬ್ಬಿ ಕಾಣುವಾಗ ಒಳಗೆ ಲೋಹವೇ ಉಳಿದಿರುವುದಿಲ್ಲ. ಹಳೇ ಕಾರು ರಸ್ತೆಗಿಳಿಯಲು ಲಾಯಕ್ಕೋ ಅಂತ ನೋಡಲು ಇಲ್ಲಿ ವರ್ಷವರ್ಷ ಎಂಒಟಿ ಅನ್ನೋ ಪರೀಕ್ಷೆ ಉಂಟು, ಆ ಭಾಗ ತುಕ್ಕು ತಿಂದಿದ್ದರೆ ಫೇಲು, ವೆಲ್ಡಿಂಗ್ ಮಾಡಿಸಲೇಬೇಕು. ಹೊಸ ಹುಡ್ ಹಾಕಿಸಿ, ಮುಚ್ಚಿದ ತೂತನ್ನು ಹಾಗೇ ಬಿಟ್ಟು ಓಡಾಡುವವರನ್ನು ನೋಡಿದ್ದೇನೆ. ದುಡ್ಡು ದಂಡ. ನಾನಂತೂ ಮೆತ್ತಗಿನ ಪ್ಲಾಸ್ಟಿಕ್ ಕೊಳವೆ ಹಾಕಿ ಆಡಿಸಿ, ಲೋಟದಲ್ಲಿ ನೀರು ಸುರಿದು, ಕಾರಿನಡಿ ಬೀಳುತ್ತದಾ ಅಂತ ಬಗ್ಗಿ ನೋಡುತ್ತೇನೆ. ಪಕ್ಕದ ಮನೆಯವರಿಗೆ ಇದೊಂದು ತಮಾಷೆ.

ಚಳಿ ಕಳೆದ ಮೇಲೆ ಹುಡ್ ಬದಲಿಸುತ್ತೇನೆ. ಮೊಹೇರ್ ಬಟ್ಟೆಯದು ಚೆಂದ, ಬೆಲೆ ಜಾಸ್ತಿ. ವಿನೈಲೇ ಸಾಕು, ಆದರೆ ಕಿಟಕಿ ಗಾಜಿನದೇ ಇರಲಿ ಅಂದುಕೊಂಡಿದ್ದೇನೆ. ನೀರು ಹಿಡಿಯುವ ಆ ಪಟ್ಟಿಯನ್ನೂ ಆಗಲೇ ಬದಲಿಸಬೇಕು. ಹಳೇದು ಬಿಚ್ಚುವಾಗಲೇ ಮುರಿಯುವಷ್ಟು ಗಡುಸಾಗಿದೆ.

ಕಣದ ಟಾರ್ಪಾಲಿನಲ್ಲಿ ಒಂದು ತುಂಡು ಕತ್ತರಿಸಿ ತಮ್ಮನ ಸ್ನೇಹಿತನ ಕೈಲಿ ಕಳಿಸುತ್ತೇನೆ ಅಂದಳಂತೆ ಅಮ್ಮ. ಬೇಡ. ಆ ತೂಕಕ್ಕೆ ಕಾಫಿಪುಡಿ ಕಳಿಸಿ, ಚಿಕೋರಿ ಹಾಕದ್ದು.

ನಿಮ್ಮ ಮಗ