ಮರಿ ಬಿಡುವ ಮೊದಲು ಮೋಯಾರಿನ ನೀರು ಸರಿಯಾಗಲಿ

ಸಂಪಾದಕರಿಗೆ ನಮಸ್ಕಾರ.

ಕಾವೇರಿಯ ಡುಬ್ಬದ ಮಹಶೀರ್ ಉಳಿಯಬೇಕಾದರೆ ಹೊಳೆಗೆ ಮೀನುಮರಿ ಬಿಡಬೇಕು ಎಂದು ಓದುಗರೊಬ್ಬರು ಈಚೆಗೆ ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಕಾಳಜಿ ನನಗೂ ಇದೆ. ಆದರೆ ನಾನು ನೀಲಗಿರಿ ಜಿಲ್ಲೆಯ ಮಸಿನಗುಡಿಯವನು. ಜಲವಿದ್ಯುತ್ ಕೇಂದ್ರದಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತನಾದವನು. ಮರಿಗಿಂತ ಮೊದಲು ನೀರಿನ ಮಾತು ಆಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಈ ಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದದ್ದು 120 ಪೌಂಡ್ ತೂಗಿತ್ತು. ಹತ್ತಿರ ಹತ್ತಿರ 54 ಕಿಲೋ! ಈಗ ಅಂಥ ಮೀನು ಕಾವೇರಿಯಲ್ಲಿ ಕಾಣುವುದೇ ಅಪರೂಪ. 2018ರಲ್ಲಿ ವಿಜ್ಞಾನಿಗಳು ಇದು ಟಾರ್ ರೆಮಾದೇವಿ ಜಾತಿ ಎಂದು ಖಚಿತ ಮಾಡಿದ್ದು ಭವಾನಿಯ ಮೂಲಕ ಕಾವೇರಿ ಸೇರುವ ನಮ್ಮ ಮೋಯಾರ್ ಹೊಳೆಯಲ್ಲಿ ಸಿಕ್ಕ ಮೀನುಗಳನ್ನು ನೋಡಿ. ಅದೇ ವರ್ಷ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ತೀರಾ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿತು. ಮುದುಮಲೆ, ಬಂಡೀಪುರದ ನಡುವೆ ಹರಿಯುವ ಈ ಹೊಳೆಯೇ ಅದರ ಕೊನೆಯ ಗಟ್ಟಿ ನೆಲೆ ಅಂದರೆ ತಪ್ಪಾಗದು.

ಈ ಹೊಳೆ ಎಂಥದ್ದು ಗೊತ್ತಾ? ಪೈಕಾರ ಹೊಳೆಯ ನೀರು ಬೆಟ್ಟ ಇಳಿದು ಸಿಂಗಾರದ ಪವರ್ ಹೌಸಿಗೆ ಬೀಳುತ್ತದೆ. ಅದು 1932ರಿಂದ ಕರೆಂಟು ಕೊಡುತ್ತಿದೆ. ಅಲ್ಲಿಂದ ಮರವಕಂಡಿ ಅಣೆಕಟ್ಟಿನಲ್ಲಿ ನಿಂತು, ಮೋಯಾರ್ ಪವರ್ ಹೌಸಿನ ಟರ್ಬೈನು ತಿರುಗಿಸಿ, ಆಮೇಲೆ ಕಣಿವೆಯ ಹೊಳೆಗೆ ಸೇರುತ್ತದೆ. ಕೆಳಗೆ ಭವಾನಿಸಾಗರ ಅಣೆಕಟ್ಟು ಇದೆ. ಮೇಲೂ ದಾರಿ ಇಲ್ಲ, ಕೆಳಗೂ ದಾರಿ ಇಲ್ಲ. ಮೀನು ಬದುಕಬೇಕಾದದ್ದು ಈ ನಡುವಿನ ನೀರಿನಲ್ಲಿ.

ಸಂಜೆ ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ ಎಲ್ಲಿ ಎಷ್ಟು ಕರೆಂಟು ಬೇಕು ಎಂದು ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಫೋನು ಬರುತ್ತದೆ. ಕೆಲವೇ ನಿಮಿಷದಲ್ಲಿ ಮೆಷಿನ್ ಓಡಬೇಕು. ಕಲ್ಲಿದ್ದಲಿನ ಘಟಕ ಇಷ್ಟು ಬೇಗ ಏಳುವುದಿಲ್ಲ, ಜಲವಿದ್ಯುತ್ತಿನ ದೊಡ್ಡ ಗುಣವೇ ಇದು. ಲೋಡ್, ಅಂದರೆ ಕರೆಂಟಿನ ಬೇಡಿಕೆ, ಇಳಿದ ಮೇಲೆ ಮೆಷಿನ್ ನಿಲ್ಲಿಸುತ್ತೇವೆ. ಆ ಹೊತ್ತಿಗೆ ಕೆಳಗೆ ಏನಾಗುತ್ತದೆ ಅನ್ನುವುದು ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಕೆಳಗೆ ಹೊಳೆಯ ದಡದಲ್ಲಿರುವ ತೆಂಗುಮರಹಾಡ ಹಳ್ಳಿಯವರಿಗೆ ಕಾಣುತ್ತದೆ. ನೀರು ಏರಿದರೆ ಅವರು ಹರಿಗೋಲು ಹಾಕದೆ ದಡದಲ್ಲೇ ಕಾಯಬೇಕು.

ಮನುಷ್ಯರು ಕಾಯಬಹುದು, ಮೊಟ್ಟೆ ಕಾಯುವುದಿಲ್ಲ. ಮಹಶೀರ್ ಮೊಟ್ಟೆ ಇಡುವುದು ಹರಿಯುವ ತಿಳಿನೀರಿನ ಜಲ್ಲಿಕಲ್ಲಿನಲ್ಲಿ. ಮೆಷಿನ್ ಓಡುವಾಗ ದಡದ ಜಲ್ಲಿ ಮುಳುಗುತ್ತದೆ, ಮೀನು ಅಲ್ಲಿಗೆ ಬರಬಹುದು. ಮೆಷಿನ್ ನಿಂತರೆ ಅದೇ ಜಲ್ಲಿ ಬಿಸಿಲಿಗೆ ಬೀಳುತ್ತದೆ. ಆಗಷ್ಟೇ ಹೊರಬಂದ ಮರಿಗಳಿಗೆ ಓಡುವ ಶಕ್ತಿ ಇರುವುದಿಲ್ಲ. ಕಲ್ಲುಗುಂಡಿಗಳಲ್ಲಿ ಸಿಕ್ಕಿಕೊಂಡು ಸಾಯುತ್ತವೆ. ಇಂಥ ನೀರಿಗೆ ಎಷ್ಟು ಮರಿ ತಂದು ಬಿಟ್ಟರೇನು? ಅದೂ ಯಾವ ಜಾತಿಯ ಮರಿ? 1970ರ ದಶಕದಿಂದ ಕಾವೇರಿಗೆ ಬೇರೆ ಕಡೆಯ ನೀಲಿ ರೆಕ್ಕೆಯ ಮಹಶೀರ್ ಮರಿ ತಂದು ಬಿಟ್ಟರು. ಅವು ಹೆಚ್ಚಿದವು, ನಮ್ಮದು ಮೂಲೆಗೆ ಸರಿಯಿತು. ತೋಟಾ ಸಿಡಿಸಿ ಮೀನು ಹಿಡಿಯುವವರ ಕಾಟ ಬೇರೆ.

ಕರೆಂಟು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಕೊಲಂಬಿಯಾ ನದಿಯಲ್ಲಿ ಪ್ರೀಸ್ಟ್ ರಾಪಿಡ್ಸ್ ಅಂತ ಒಂದು ಅಣೆಕಟ್ಟು ಇದೆ. ಅದರ ಕೆಳಗೆ ಚಿನೂಕ್ ಸಾಲ್ಮನ್ ಮೊಟ್ಟೆ ಇಡುತ್ತದೆ. ಅಲ್ಲಿನ ವಿದ್ಯುತ್‌ನವರೂ ಮೀನುಗಾರಿಕೆಯವರೂ ಕೂತು 1988ರಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ಆ ಮೀನು ಹಗಲಲ್ಲೇ ಜಾಸ್ತಿ ಮೊಟ್ಟೆ ಇಡುವುದರಿಂದ ಆ ಕಾಲದಲ್ಲಿ ಹಗಲು ನೀರು ಕಡಿಮೆ ಬಿಡುತ್ತಾರೆ. ಆಗ ಮೀನು ತಗ್ಗಿನಲ್ಲೇ ಮೊಟ್ಟೆ ಇಡುತ್ತದೆ. ಮರಿ ಹೊರಬರುವ ತನಕ ನೀರು ಆ ಮಟ್ಟಕ್ಕಿಂತ ಇಳಿಯದಂತೆ ನೋಡಿಕೊಳ್ಳುತ್ತಾರೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು, ಯಾಕೆಂದರೆ ಇದು ಆಪರೇಟರ್ ಕೈಯಲ್ಲಿ ಆಗುವ ಕೆಲಸ. ನಮ್ಮಲ್ಲೂ 2018ರಲ್ಲಿ ಕೇಂದ್ರ ಸರ್ಕಾರ ಗಂಗೆಯ ಅಣೆಕಟ್ಟುಗಳಿಂದ ಯಾವ ತಿಂಗಳು ಕನಿಷ್ಠ ಎಷ್ಟು ನೀರು ಹರಿಯಬೇಕು ಎಂದು ಆದೇಶ ಹೊರಡಿಸಿತು. ಅದು ಗಂಗೆಗೆ ಮಾತ್ರ. ಮೋಯಾರಿಗೂ ಅಂಥದ್ದೊಂದು ಬೇಕು.

ಇಲ್ಲಿ ಮಾಡಬಹುದಾದದ್ದು ಇಷ್ಟು. ಮೆಷಿನ್‌ಗಳನ್ನು ಒಟ್ಟಿಗೆ ನಿಲ್ಲಿಸದೆ ಒಂದೊಂದಾಗಿ, ನಡುವೆ ಬಿಡುವು ಕೊಟ್ಟು ಇಳಿಸಬೇಕು. ಎಲ್ಲ ನಿಂತಾಗಲೂ ಹೊಳೆ ಬತ್ತಬಾರದು. ತೀರಾ ಕಡಿಮೆ ಲೋಡಿನಲ್ಲಿ ಓಡಿಸಿದರೆ ಟರ್ಬೈನು ನಡುಗಿ ಹಾಳಾಗುತ್ತದೆ, ಅದಕ್ಕೆ ಬೇರೆಯೇ ಒಂದು ಸಣ್ಣ ವಾಲ್ವಿನಿಂದ ನೀರು ಬಿಡುವ ಏರ್ಪಾಡು ಬೇಕಾಗುತ್ತದೆ. ಅದಕ್ಕೆ ಖರ್ಚಿದೆ, ಸ್ವಲ್ಪ ಯೂನಿಟ್ ನಷ್ಟವೂ ಇದೆ. ಆದರೆ ಭವಾನಿಸಾಗರಕ್ಕೆ ಹೋಗುವ ಒಟ್ಟು ನೀರು ಕಡಿಮೆಯಾಗುವುದಿಲ್ಲ. ಬದಲಾಗುವುದು ಬಿಡುವ ಹೊತ್ತು ಮಾತ್ರ. ಹಾಗಾಗಿ ಇದರಲ್ಲಿ ತಮಿಳುನಾಡು, ಕರ್ನಾಟಕ ಎರಡು ರಾಜ್ಯಗಳು ಜಗಳ ಆಡುವಂಥದ್ದೇನೂ ಇಲ್ಲ ಅಲ್ವಾ?

ಪವರ್ ಹೌಸಿನಲ್ಲಿ ಪ್ರತಿ ಗಂಟೆಯ ಲೋಡನ್ನು ಲಾಗ್ ಬುಕ್ಕಿನಲ್ಲಿ ಬರೆಯುತ್ತೇವೆ. ಆ ಹಳೆಯ ಪುಸ್ತಕಗಳನ್ನು ಮೀನು ಅಧ್ಯಯನ ಮಾಡುವವರ ಕೈಗೆ ಕೊಡಲಿ. ಯಾವ ತಿಂಗಳಲ್ಲಿ, ಎಷ್ಟು ಗಂಟೆಗೆ ನೀರು ಎಷ್ಟು ಏರಿ ಇಳಿಯಿತು ಅನ್ನುವುದು ಅದರಿಂದ ತಿಳಿಯುತ್ತದೆ. ಎರಡೂ ರಾಜ್ಯಗಳ ಅರಣ್ಯ ಇಲಾಖೆಯವರು ಮುಂದಿನ ಮುಂಗಾರಿಗೆ ಮೊದಲೇ ಇದನ್ನು ಕೇಳಿ ಪಡೆಯಬೇಕು ಎಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ನಿವೃತ್ತ ಆಪರೇಟರ್, ಮಸಿನಗುಡಿ, ನೀಲಗಿರಿ ಜಿಲ್ಲೆ