ಕಪ್ಪು ಮುಖವಾಡದ ಲೇಖನ ಓದಿದೆ

ಪ್ರೀತಿಯ ತಮ್ಮಾ,

ಫಿನ್ಲೆಂಡಿನ ಕಾಮಿಕ್ಸ್ ಪತ್ರಿಕೆ ಬಗ್ಗೆ ನೀನು ಕಳಿಸಿದ ಲೇಖನ ಎರಡು ಸಲ ಓದಿದೆ. ಮೊದಲ ಮೂರು ಪುಟದಲ್ಲಿ ಫಿನ್ಲೆಂಡೇ ಇಲ್ಲ, ಗೊತ್ತಾ? ಕತೆಗಾರ ಲೀ ಫಾಕ್ 1934ರಲ್ಲಿ ಜಾದೂಗಾರ ಮ್ಯಾಂಡ್ರೇಕ್‌ನ ಕಾಮಿಕ್ಸ್ ಶುರು ಮಾಡಿದ್ದು, ಎರಡು ವರ್ಷ ಬಿಟ್ಟು ಮುಖವಾಡದ ವೀರ ಫ್ಯಾಂಟಮ್‌ನನ್ನು ತಂದಿದ್ದು, ಚಿತ್ರಕಾರ ಅಲೆಕ್ಸ್ ರೇಮಂಡನ ಬಾಹ್ಯಾಕಾಶ ವೀರ ಫ್ಲಾಷ್ ಗಾರ್ಡನ್, ಎಲ್ಲ ಸರಿ. ಆದರೆ ಅದು ಅಮೆರಿಕದ ಕತೆ. ನಾಲ್ಕು ಸಾಲಲ್ಲಿ ಮುಗಿಸು.

ನಾನಾಗಿದ್ದರೆ ಹೆಸರಿಂದ ಶುರು ಮಾಡುತ್ತಿದ್ದೆ. ಅಲ್ಲಿನ ಓದುಗರಿಗೆ ಫ್ಯಾಂಟಮ್ ಅಂದರೆ 'ಮುಸ್ತನಾಮಿಯೊ'. ಮುಸ್ತ ಅಂದರೆ ಕಪ್ಪು, ನಾಮಿಯೊ ಅಂದರೆ ಮುಖವಾಡ. ಮ್ಯಾಂಡ್ರೇಕ್ ಅಲ್ಲಿ 'ತೈಕಾ ಜಿಮ್', ಮಾಯಾವಿ ಜಿಮ್. ಫ್ಲಾಷ್ ಗಾರ್ಡನ್ 'ಇಸ್ಕೆವ ಸಲಾಮ', ಬಂದು ಬಡಿಯುವ ಮಿಂಚು. ಇಂಗ್ಲಿಷಿನಲ್ಲಿ ಫ್ಯಾಂಟಮ್ ಅಂದರೆ ದೆವ್ವ. ಆ ದೆವ್ವ ಹೋಗಿ ಮುಖವಾಡ ಬಂತು ನೋಡು. ಸಾವೇ ಇಲ್ಲದವನು ಅನ್ನುವ ಹೆದರಿಕೆ ಹೆಸರಲ್ಲಿ ಉಳಿಯಲಿಲ್ಲ. ನನಗೇನೋ ಇದು ನಷ್ಟ ಅನಿಸುತ್ತದೆ. ನಿನಗೆ ಹಾಗನಿಸದಿದ್ದರೆ ಅದನ್ನೇ ಬರೆ.

ಫಿನ್ನಿಷ್ ಕೂಡ ನಮ್ಮ ಹಾಗೇ ಪದಕ್ಕೆ ಬಾಲ ಅಂಟಿಸುವ ಭಾಷೆ. ನಾವು ಮನೆಗೆ 'ಅಲ್ಲಿ' ಸೇರಿಸಿ ಮನೆಯಲ್ಲಿ ಅನ್ನುತ್ತೇವೆ, ಅವರು 'ತಲೊ'ಗೆ 'ಸ್ಸ' ಸೇರಿಸಿ 'ತಲೊಸ್ಸ' ಅನ್ನುತ್ತಾರೆ. ಇಂಗ್ಲಿಷಿನ ಚೋಟುದ್ದ ಪದಗಳಿಗೆಂದು ಬರೆದ ಮಾತಿನ ಗುಳ್ಳೆಯಲ್ಲಿ ಇಂಥವನ್ನು ಕೂರಿಸಬೇಕು. ಗುಳ್ಳೆ ದೊಡ್ಡದಾದರೆ ಚಿತ್ರ ಹೋಯಿತು, ಮಾತು ಕತ್ತರಿಸಿದರೆ ಕತೆ ಹೋಯಿತು. ಕನ್ನಡಕ್ಕೆ ಕಾಮಿಕ್ಸ್ ತಂದವರಿಗೆ ಈ ಗೋಳು ಚೆನ್ನಾಗಿ ಗೊತ್ತು.

ಆಮೇಲೆ ಕತ್ತರಿ ಕೆಲಸ. ಫ್ಯಾಂಟಮ್‌ನ ಮೊದಲ ಕತೆ ಪೇಪರಿನಲ್ಲಿ 1936ರ ಫೆಬ್ರವರಿ 17ಕ್ಕೆ ಶುರುವಾಗಿ ನವೆಂಬರ್ ತನಕ ಓಡಿತು, ದಿನಕ್ಕೆ ಮೂರ್ನಾಲ್ಕು ಚೌಕದಂತೆ. ಇಂಥ ಚಿತ್ರಪಟ್ಟಿಗಳಲ್ಲಿ ಆಗಾಗ ಮೊದಲ ಚೌಕ ನಿನ್ನೆಯದನ್ನೇ ನೆನಪಿಸುತ್ತದೆ, ಕೊನೆಯದು ನಾಳೆಗೆ ಕೊಕ್ಕೆ ಹಾಕುತ್ತದೆ. ಒಟ್ಟಿಗೆ ಪತ್ರಿಕೆಯಲ್ಲಿ ಓದಿದರೆ ಬಿಕ್ಕಳಿಕೆ ಬಂದ ಹಾಗಿರುತ್ತದೆ. ಸಂಪಾದಕ ಯಾವ ಚೌಕ ಕಿತ್ತ, ಪುಟ ತುಂಬಿಸಲು ಯಾವುದನ್ನು ಹಿಗ್ಗಿಸಿದ? ಮೂಲದ ಚಿತ್ರಪಟ್ಟಿ ಪಕ್ಕದಲ್ಲಿಟ್ಟುಕೊಂಡು ಬೆರಳಿಟ್ಟು ಎಣಿಸು. ಬೇಜಾರಿನ ಕೆಲಸವೇ. ನಿನ್ನ ಲೇಖನ ಇರುವುದು ಅಲ್ಲಿ.

ಬಣ್ಣದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಫ್ಯಾಂಟಮ್ ಎಲ್ಲ ಕಡೆ ನೇರಳೆ ಅಂತ ಬರೆದುಬಿಟ್ಟಿದ್ದೆ. ಓದುಗರೊಬ್ಬರು ಸ್ವೀಡನ್ನಿನ ಪತ್ರಿಕೆಯ ಒಂದು ಮುಖಪುಟ ಕಳಿಸಿದರು. ಅಲ್ಲಿ ಅವನು ನೀಲಿ! ಇಟಲಿಯಲ್ಲಿ ಕೆಂಪು. ಲೀ ಫಾಕ್ ಮನಸ್ಸಿನಲ್ಲಿ ಇದ್ದದ್ದು ಬೂದು. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ನೇರಳೆಯಾಯಿತು.

ಇನ್ನೊಂದು ಮಾತು. 1963ರಿಂದ ಸ್ವೀಡನ್ನಿನವರು ತಾವೇ ಫ್ಯಾಂಟಮ್ ಕತೆ ಮಾಡತೊಡಗಿದರು, ಫಿನ್ಲೆಂಡಿನ ಪತ್ರಿಕೆಯಲ್ಲೂ ಅವು ಬಂದವು. ಹಾಗಾಗಿ ಎಲ್ಲವನ್ನೂ 'ಅಮೆರಿಕದ ಮರುಮುದ್ರಣ' ಅನ್ನಬೇಡ.

ನಮ್ಮ ಇಂದ್ರಜಾಲ ಕಾಮಿಕ್ಸನ್ನೂ ಒಮ್ಮೆ ನೋಡು. 1964ರಲ್ಲಿ ಶುರುವಾದಾಗ ಕತೆಯ 'ಬೆಂಗಾಲಿ' ದೇಶ 'ಡೆಂಕಾಲಿ' ಆಯಿತು, 'ಸಿಂಗ್' ಕಡಲ್ಗಳ್ಳರು 'ಸಿಂಗಾ' ಆದರು. ಒಂದೆರಡು ಅಕ್ಷರ ಅಷ್ಟೇ. ಇಲ್ಲಿನ ಓದುಗರಿಗೆ ನೋವಾಗದಿರಲಿ ಅಂತ ಮಾಡಿದ್ದು ಅಲ್ವಾ? ಫಿನ್ನಿಷ್ ಪುಟಗಳಲ್ಲೂ ಇಂಥ ಒಂದು ಅಕ್ಷರ ಹುಡುಕು.

ನನ್ನ ಹತ್ತಿರ ಇಂದ್ರಜಾಲದ ಹಳೇ ಕಟ್ಟು ಇದೆ. ಭಾನುವಾರ ಬಾ. ಭೂತಗನ್ನಡಿ ನೀನೇ ತಾ, ನನ್ನದು ಮೊಮ್ಮಗಳ ಪಾಲಾಗಿದೆ.

ನಿನ್ನ,
ಅಣ್ಣ