ದಾರಿ ಮುಗಿಯಿತು, ಹೇಳಬೇಕಾದ ಮಾತು ಉಳಿಯಿತು

ಗುಡ್ಡದ ಈಶ್ವರ ದೇವಸ್ಥಾನಕ್ಕೆ ಕಲ್ಲಿನ ಮೆಟ್ಟಿಲು, ಹಳ್ಳಕ್ಕೆ ಕಾಲುಸಂಕ, ಕೊನೆಯ ಏರಿಗೆ ಕೈಹಿಡಿಕೆ ಎಲ್ಲವೂ ಮುಗಿದು ಈ ಸಲದ ಶಿವರಾತ್ರಿಯೂ ಕಳೆಯಿತು. ಜಮಾಖರ್ಚನ್ನು ಸಭೆಯಲ್ಲಿ ಓದಿದ್ದೇವೆ, ಪ್ರತಿಯನ್ನು ದೇವಸ್ಥಾನದ ಹಲಗೆಗೆ ಅಂಟಿಸಿದ್ದೇವೆ. ಎಷ್ಟು ಕಲ್ಲು ಬಂತು, ಎಷ್ಟು ಸಿಮೆಂಟು ಹೋಯಿತು, ಯಾವ ಕಡತ ಯಾವ ಮೇಜಿನ ಮೇಲೆ ಮಲಗಿತ್ತು ಎಂಬ ಪುರಾಣ ನಿಮಗೆಲ್ಲ ಬಾಯಿಪಾಠವಾಗಿರುವುದರಿಂದ ಅದನ್ನು ಮತ್ತೆ ಬಿಚ್ಚುವುದಿಲ್ಲ. ಸಭೆಯ ದಿನ ಮೈಕು ಹಿಡಿದು ನಾನು ಧನ್ಯವಾದ ಹೇಳಿದ್ದು ನಿಜ. ಆದರೆ ವೇದಿಕೆಯ ಮೇಲೆ ಕುಳಿತಿದ್ದವರ ಹೆಸರು ಮುಗಿಯುವಷ್ಟರಲ್ಲಿ ಊಟಕ್ಕೆ ಎಲೆ ಹಾಕಿಬಿಟ್ಟಿದ್ದರು. ವೇದಿಕೆಯ ಮೇಲೆ ಇಲ್ಲದವರ ವಿಷಯ ಹಾಗೆಯೇ ಉಳಿಯಿತು. ಅದಕ್ಕಾಗಿ ಈ ಬರಹ.

ಹಣ ಕೊಟ್ಟವರಿಗೆ, ಹಣವಿಲ್ಲವೆಂದು ಭತ್ತ ಕೊಟ್ಟವರಿಗೆ, ಭಾನುವಾರಗಳಂದು ಶ್ರಮದಾನಕ್ಕೆ ಬಂದ ಯುವಕ ಸಂಘದವರಿಗೆ, ಅವರಿಗೆಲ್ಲ ಗಂಜಿ ಬೇಯಿಸಿ ಹೊತ್ತು ತಂದ ಸ್ವಸಹಾಯ ಸಂಘದ ಹೆಂಗಸರಿಗೆ, ಬಾಡಿಗೆ ಕೇಳದೆ ಟ್ರ್ಯಾಕ್ಟರ್ ಓಡಿಸಿದವರಿಗೆ, ನಾನು ಪಾಠ ಹೇಳಿದ ಕಾಲದಲ್ಲಿ ನನ್ನಿಂದ ಪೆಟ್ಟು ತಿಂದೂ ಈಗ ಬೆಂಗಳೂರಿನಿಂದ ತಿಂಗಳು ತಪ್ಪದೆ ದುಡ್ಡು ಕಳಿಸಿದ ಹಳೆಯ ವಿದ್ಯಾರ್ಥಿಗಳಿಗೆ ನಮಸ್ಕಾರ. ಮೆಟ್ಟಿಲಿನ ಮೇಲೆ ಹೆಸರು ಕೆತ್ತಿಸಬೇಕೆಂದು ಕೇಳಿದವರೂ ಕೆಲವರಿದ್ದರು. ಕೇಳಿದ್ದು ತಪ್ಪಲ್ಲ. ಬರುವವರ ಪಾದಧೂಳಿ ತಮ್ಮ ಮೇಲೆ ಬೀಳಲಿ ಎಂದು ಹಳೆಯ ದೇವಸ್ಥಾನಗಳ ಹಾಸುಗಲ್ಲಿನಲ್ಲಿ ತಮ್ಮ ಸಾಷ್ಟಾಂಗದ ರೂಪವನ್ನು ಕೆತ್ತಿಸಿಕೊಂಡ ಭಕ್ತರಿದ್ದಾರೆ. ನಮ್ಮವರು ಮಾತ್ರ, ಹೆಸರನ್ನು ಯಾರೂ ತುಳಿಯದ ಹಾಗೆ ಪಕ್ಕದ ಗೋಡೆಗೆ ಹಾಕಿಸಿ ಎಂದರು. ಸಮಿತಿ ನಕ್ಕು, ಯಾರ ಹೆಸರೂ ಬೇಡವೆಂದು ತೀರ್ಮಾನಿಸಿತು. ಈ ಬರಹದಲ್ಲಿಯೂ ಅದೇ ನಿಯಮ. ಯಾರು ಯಾರೆಂದು ಊರಿನವರಿಗೆ ಹೇಗೂ ಗೊತ್ತು.

ಅರಣ್ಯ ಇಲಾಖೆಯ ಸಿಬ್ಬಂದಿಗೆ ಪ್ರತ್ಯೇಕವಾಗಿ ವಂದನೆ. ಹೊಸ ರಸ್ತೆ ಬೇಕೆಂದು ಹಟ ಹಿಡಿದಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆಗೆ ಕಾಯಬೇಕಾಗುತ್ತಿತ್ತು, ನಮ್ಮ ಕಾಲಕ್ಕೆ ಅದು ಮುಗಿಯುತ್ತಿರಲಿಲ್ಲ. ಜೆಸಿಬಿ ಹತ್ತಿಸುವುದಿಲ್ಲ, ಮರ ಕಡಿಯುವುದಿಲ್ಲ, ಇರುವ ಕಾಲುದಾರಿಯನ್ನೇ ಗಟ್ಟಿ ಮಾಡುತ್ತೇವೆ ಎಂಬ ಮಾತಿನ ಮೇಲೆ ಅವರು ನಂಬಿಕೆ ಇಟ್ಟರು. ಒಂದು ಹೆಬ್ಬಲಸಿನ ಬುಡಕ್ಕೆ ಬಂದಾಗ ಮೆಟ್ಟಿಲುಗಳೇ ಬಳಸಿಕೊಂಡು ಹೋಗಿವೆ, ನೋಡಿದವರಿಗೆ ನೆನಪಿರಬಹುದು. ಸಂಕದ ನಕ್ಷೆ ಮಾಡಿಕೊಟ್ಟವನು ನನ್ನ ವಿದ್ಯಾರ್ಥಿಯೇ. ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದ ಸುಳ್ಯದ ಗಿರೀಶ್ ಭಾರದ್ವಾಜರಿಗೆ 2017ರಲ್ಲಿ ಪದ್ಮಶ್ರೀ ಬಂದ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದ ಹುಡುಗ. ನಮ್ಮ ಹಳ್ಳಕ್ಕೆ ತೂಗುಸೇತುವೆ ಬೇಕಿರಲಿಲ್ಲ, ಕಬ್ಬಿಣದ ತೊಲೆಗಳ ಮೇಲೆ ಹಲಗೆ ಹಾಸಿದರೆ ಸಾಕಿತ್ತು. ಆದರೆ ಅವನು ಲೆಕ್ಕ ಹಾಕುವ ಮೊದಲು ಊರಿನ ಹಿರಿಯರನ್ನು ಹಳ್ಳದ ದಡಕ್ಕೆ ಕರೆದೊಯ್ದು, ನೆರೆ ಎಲ್ಲಿಯವರೆಗೆ ಏರಿತ್ತು ಎಂದು ಒಬ್ಬೊಬ್ಬರಿಂದಲೂ ಬಂಡೆಯ ಮೇಲೆ ಗುರುತು ಹಾಕಿಸಿದ. ಎಲ್ಲಕ್ಕಿಂತ ಮೇಲಿನ ಗುರುತಿಗೂ ಒಂದಾಳು ಎತ್ತರದಲ್ಲಿ ಸಂಕ ನಿಂತಿದೆ. ಹುಲಿಕಲ್ಲು, ಮಾಸ್ತಿಕಟ್ಟೆಗಳ ಮಳೆ ಕಂಡ ಸೀಮೆಯಲ್ಲಿ ಹಳ್ಳವನ್ನು ಬೇಸಿಗೆಯಲ್ಲಿ ನೋಡಿ ಅಳೆಯಬಾರದು ಎಂದು ಅವನು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಶಾಲೆಯಲ್ಲಿ ಅವನಿಗೆ ಕಡಿಮೆ ಅಂಕ ಕೊಟ್ಟಿದ್ದು ನಾನಲ್ಲ, ಗಣಿತದ ಮೇಷ್ಟರು.

ಕೊಪ್ಪಳದ ಕಡೆಯಿಂದ ಬಂದ ಕಲ್ಲುಕೆಲಸದ ತಂಡಕ್ಕೆ ಎಷ್ಟು ಹೇಳಿದರೂ ಕಡಿಮೆ. ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದವರು ನಮ್ಮ ಇಂಬಳ, ನಮ್ಮ ಜಡಿಮಳೆ, ಹಾವಸೆಗಟ್ಟಿದ ನಮ್ಮ ಕಲ್ಲುಗಳ ನಡುವೆ ಕೆಲಸ ಮಾಡಿದರು. ಜಂಬಿಟ್ಟಿಗೆ ಅಗ್ಗವೆಂದು ನಾವು ಅದನ್ನೇ ಹಾಕೋಣ ಎಂದಾಗ, ಎರಡು ಮಳೆಗಾಲಕ್ಕೆ ಅಂಚು ಸವೆದು ಮುದುಕರು ಜಾರುತ್ತಾರೆ, ಕಣಕಲ್ಲೇ ಇರಲಿ ಎಂದು ಪಟ್ಟು ಹಿಡಿದವರು ಅವರ ಮೇಸ್ತ್ರಿ.

ಇನ್ನು ಭಟ್ಟರ ಮನೆಯ ಅಮ್ಮ.

ಗುಡ್ಡದ ಮೇಲೆ ದೇವಸ್ಥಾನಕ್ಕೆ ಅಂಟಿಕೊಂಡ ಆ ಹೆಂಚಿನ ಮನೆಗೆ ಅವರು ಸೊಸೆಯಾಗಿ ಬಂದಾಗ ನಾನಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ನಮ್ಮದು ಮುಜರಾಯಿಯ 'ಸಿ' ವರ್ಗದ ದೇವಸ್ಥಾನ. ವರ್ಷದ ಆದಾಯ 5 ಲಕ್ಷ ರೂಪಾಯಿಗಿಂತ ಕಡಿಮೆ ಇರುವ ದೇವಸ್ಥಾನಗಳು ಆ ವರ್ಗಕ್ಕೆ ಸೇರುತ್ತವೆ, ನಮ್ಮದು ಆ ಮಿತಿಯ ಹತ್ತಿರಕ್ಕೂ ಸುಳಿದಿಲ್ಲ. ಪೂಜೆಗೆಂದು ಸರ್ಕಾರದಿಂದ ಬರುವ ತಸ್ತೀಕಿನ ಹಣದಲ್ಲಿ ದೇವರ ದೀಪವೂ ಉರಿಯಬೇಕು, ಅರ್ಚಕರ ಮನೆಯ ಒಲೆಯೂ ಉರಿಯಬೇಕು. ನಾವು ಭಕ್ತರು ವರ್ಷಕ್ಕೊಮ್ಮೆಯೋ ಎರಡು ಸಲವೋ ಹತ್ತಿ, ಬೆವರು ಒರೆಸಿಕೊಂಡು, ಎಂಥ ಕಷ್ಟದ ದಾರಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ದಾರಿಯಲ್ಲಿ ಅವರು ಪಡಿತರದ ಅಕ್ಕಿಯನ್ನು ತಲೆಯ ಮೇಲೆ ಹೊತ್ತು ಹತ್ತುತ್ತಿದ್ದರು.

ಹೀಗಾಗಿ ಆ ದಾರಿಯ ನಿಜವಾದ ತಜ್ಞರು ಅವರೇ. ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲು ಹತ್ತುವವರಿಗೆ ನಡುದಾರಿಯಲ್ಲಿ ನಂದಿಯ ನೆಪದಲ್ಲಿ ನಿಂತು ಉಸಿರೆಳೆದುಕೊಳ್ಳಲು ಆಗುತ್ತದೆ. ನಮಗೆ ನಂದಿಯಿಲ್ಲ, ಆದ್ದರಿಂದ ನಕ್ಷೆಯಲ್ಲಿ ಸಮಾನ ಅಂತರಕ್ಕೆ ಒಂದೊಂದು ಕಟ್ಟೆ ಎಂದಿತ್ತು. ಅಮ್ಮ ನಕ್ಷೆಯನ್ನು ನೋಡಲಿಲ್ಲ. ಮೇಸ್ತ್ರಿಯನ್ನು ಕರೆದುಕೊಂಡು ಇಳಿಯುತ್ತಾ ಹೋಗಿ ಇಲ್ಲಿ, ಇಲ್ಲಿ, ಇಲ್ಲಿ ಎಂದು ಬೆರಳು ತೋರಿಸಿದರು. ಕೂರುವುದಕ್ಕೆ ಒಂದು ಕಟ್ಟೆ, ಅದರ ಪಕ್ಕದಲ್ಲಿ ಎದೆಯ ಎತ್ತರಕ್ಕೆ ಇನ್ನೊಂದು. ತಲೆಹೊರೆಯನ್ನು ಮತ್ತೊಬ್ಬರ ಕೈ ಇಲ್ಲದೆ ಇಳಿಸಿ, ಮತ್ತೊಬ್ಬರ ಕೈ ಇಲ್ಲದೆ ಎತ್ತಿಕೊಳ್ಳಲು ಬೇಕಾದ ಎತ್ತರ ಅದು. ಶಿವರಾತ್ರಿಯ ದಿನ ಅದರ ಮೇಲೆ ಹೂವಿನ ಬುಟ್ಟಿ ಇಟ್ಟು ಫೋಟೊ ತೆಗೆಸಿಕೊಂಡವರು ಬಹಳ ಮಂದಿ.

ಆ ರಾತ್ರಿಯ ವಿಷಯವನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಏನಾಯಿತೆಂದು ಎಲ್ಲರಿಗೂ ಗೊತ್ತು. ಅಲ್ಲಿ ಯಾರು ಏನು ಮಾಡಿದರೆಂಬುದು ಎಲ್ಲರಿಗೂ ಗೊತ್ತಿಲ್ಲ.

ಕಳೆದ ವರ್ಷ ಕೃತ್ತಿಕೆ ಮಳೆಯ ದಿನಗಳು. ಸಂಕದ ಕಂಬಗಳು ಎದ್ದಿದ್ದವು, ಮೇಲೆ ತೊಲೆ ಬಂದಿರಲಿಲ್ಲ. ಸಂಜೆ ಕೆಲಸ ನಿಲ್ಲಿಸುವ ಹೊತ್ತಿಗೆ ಕಲ್ಲು ಜಾರಿ ತಂಡದ ಕಿರಿಯ ಹುಡುಗನ ಕಾಲಿನ ಮೇಲೆ ಬಿತ್ತು. ಅವನನ್ನು ಎತ್ತಿ ಕೆಳಗೆ ಒಯ್ಯಲು ಹೊರಟಾಗ ಹಳ್ಳದ ಸದ್ದೇ ಬೇರೆಯಾಗಿತ್ತು. ಘಟ್ಟದ ಮೇಲೆ ಸುರಿದ ಮಳೆ ಅಡಿಕೆ ಮರದ ಹಳೆಯ ಸಂಕವನ್ನು ನಮ್ಮ ಕಣ್ಣೆದುರೇ ಕೊಚ್ಚಿಕೊಂಡು ಹೋಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಭಟ್ಟರು ನೆಂಟರ ಮನೆಯ ಉಪನಯನಕ್ಕೆಂದು ಹೋದವರು ಆಚೆ ದಡದಲ್ಲೇ ಉಳಿದಿದ್ದರು. ಹುಡುಗನನ್ನು ಮತ್ತೆ ಮೇಲಕ್ಕೆ ಹೊತ್ತು ಅವರ ಮನೆಯ ಜಗಲಿಯಲ್ಲಿ ಮಲಗಿಸಿದೆವು.

ತಂಡದವನೊಬ್ಬ ಎಣ್ಣೆ ತಿಕ್ಕಲು ಕೈ ಹಾಕಿದಾಗ ಅಮ್ಮ ಅವನ ಕೈ ಹಿಡಿದು ಪಕ್ಕಕ್ಕೆ ಸರಿಸಿದರು. ಯಾರೂ ಕಾಲನ್ನು ಎಳೆಯಬಾರದು, ಒತ್ತಬಾರದು ಎಂದರು. ಕಾಲು ಹೇಗಿತ್ತೋ ಹಾಗೆಯೇ ಅಡಿಕೆ ಹಾಳೆಯ ಮೇಲೆ ಇರಿಸಿ, ಎರಡು ಕಡೆ ಅಡಿಕೆ ದಬ್ಬೆ ಕೊಟ್ಟು, ತಮ್ಮದೇ ಹತ್ತಿ ಸೀರೆಯನ್ನು ಹರಿದು ಸಡಿಲವಾಗಿ ಕಟ್ಟಿದರು. ರಕ್ತ ಬರುತ್ತಿದ್ದ ಕಡೆ ಒಗೆದ ಬಟ್ಟೆ ಒತ್ತಿ ಹಿಡಿದರು, ಹಿಡಿದೇ ಕುಳಿತರು. ಕಾಲ್ಬೆರಳು ತಣ್ಣಗಾಗಿದೆಯೇ ಎಂದು ಆಗಾಗ ಮುಟ್ಟಿ ನೋಡುತ್ತಿದ್ದರು. ಅವನು ಅವ್ವಾ ಎಂದು ನರಳಿದಾಗಲೆಲ್ಲ ಏನಪ್ಪಾ ಎಂದು ಓಗೊಟ್ಟರು. ನಿಮ್ಮ ಕಡೆ ಜೋಳ ಯಾವಾಗ ಬಿತ್ತುತ್ತೀರಿ, ರೊಟ್ಟಿ ತಟ್ಟುವುದು ನಿಮ್ಮ ಅವ್ವನೋ ಅಕ್ಕನೋ, ಮನೆಯಲ್ಲಿ ಎಷ್ಟು ಎತ್ತು, ಅವುಗಳ ಹೆಸರೇನು ಎಂದು ಕೇಳುತ್ತಾ ಹೋದರು. ಹೊಲ ಮುಗಿದರೆ ಹಬ್ಬ, ಹಬ್ಬ ಮುಗಿದರೆ ಶಾಲೆ. ಅವನು ಹಲ್ಲು ಕಚ್ಚಿಕೊಂಡೇ ಉತ್ತರ ಹೇಳುತ್ತಿದ್ದ.

ನನ್ನಿಂದ ಅಲ್ಲಿ ಕೂರಲಾಗಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗ, ನಾನು ಕರೆಸಿದ ಕೆಲಸ, ನನ್ನ ಆಸೆಯ ಮೆಟ್ಟಿಲು. ಅಂಗಳ ದಾಟಿ ಹೋಗಿ, ಮುಚ್ಚಿದ್ದ ಗರ್ಭಗುಡಿಯ ಬಾಗಿಲಿನ ಮುಂದೆ ನಿಂತು ಈಶ್ವರನನ್ನು ಬೈದೆ. ನಿನಗೆ ದಾರಿ ಮಾಡಲು ಬಂದವರ ಕಾಲನ್ನೇ ತೆಗೆಯುತ್ತೀಯಾ ಎಂದೆ. ಇನ್ನೂ ಏನೇನೋ ಅಂದೆ, ಅದನ್ನೆಲ್ಲ ಇಲ್ಲಿ ಬರೆಯಲಾರೆ. ಮಳೆಯಲ್ಲಿ ನೆನೆದು ಮರಳಿ ಬಂದಾಗ ಅಮ್ಮ ತಲೆಯೆತ್ತದೆ ಕೇಳಿದರು: "ಬೈದು ಮುಗಿಯಿತೇ ಮೇಷ್ಟ್ರೇ? ಮುಗಿದಿದ್ದರೆ ಈ ಲಾಟೀನು ಹಿಡಿದುಕೊಳ್ಳಿ. ನನ್ನ ಕೈ ಸೋತಿದೆ."

ಹಿಡಿದುಕೊಂಡೆ. ಬೆಳಗಿನವರೆಗೆ ನಾನು ಮಾಡಿದ ಕೆಲಸ ಅದೊಂದೇ.

ನಸುಕಿಗೆ ಸ್ವಲ್ಪ ಮೊದಲು, ಹುಡುಗನಿಗೆ ಜೊಂಪು ಹತ್ತಿದಾಗ, ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಕಟ್ಟು ಕಟ್ಟುವುದನ್ನು ಒಮ್ಮೆ ಆಶಾ ಕಾರ್ಯಕರ್ತೆ ಹೇಳಿಕೊಟ್ಟಿದ್ದರಂತೆ. ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂದರು. ಆಮೇಲೆ ತಮ್ಮ ಅತ್ತೆ ತೀರಿಕೊಂಡ ಆಷಾಢದ ವಿಷಯ ಹೇಳಿದರು. ಊರಿನಿಂದ ಬಂದ ಮೈದುನಂದಿರು ಆಚೆ ದಡದಲ್ಲಿ ನಿಂತು, ಅಮ್ಮ ಹೇಗಿದ್ದಾಳೆ ಎಂದು ಕೂಗುತ್ತಿದ್ದರಂತೆ. "ನಾನೂ ಕೂಗಿ ಹೇಳಿದೆ. ನೀರಿನ ಸದ್ದಿಗೆ ಕೇಳಿಸಲಿಲ್ಲ. ಕೊನೆಗೆ ಮುಡಿ ಬಿಚ್ಚಿ ತೋರಿಸಿದೆ. ಆಗ ತಿಳಿಯಿತು." ಇಷ್ಟು ಹೇಳಿ ಒಲೆಗೆ ಕಟ್ಟಿಗೆ ಒಡ್ಡಲು ಎದ್ದು ಹೋದರು. ಆ ಮನೆಯವರೊಂದಿಗೆ ನಮಗೆ ಅಷ್ಟು ವರ್ಷಗಳ ಬಳಕೆ, ಈ ಸಂಗತಿ ಊರಿನಲ್ಲಿ ಒಬ್ಬರ ಬಾಯಿಂದಲೂ ನಾನು ಕೇಳಿರಲಿಲ್ಲ.

ಬೆಳಕು ಹರಿದು ನೀರು ಇಳಿದ ಮೇಲೆ ಊರಿನ ಹುಡುಗರು ಹಗ್ಗ ಕಟ್ಟಿ ದಾಟಿ ಬಂದದ್ದು, ಕುರ್ಚಿಗೆ ಬಿದಿರು ಕಟ್ಟಿ ಹೊತ್ತದ್ದು, ಮುಂದಿನ ಆಸ್ಪತ್ರೆಯ ಓಡಾಟ ನಿಮಗೆಲ್ಲ ತಿಳಿದದ್ದೇ. ಆ ಹುಡುಗರಿಗೂ, ಖರ್ಚನ್ನು ಸದ್ದಿಲ್ಲದೆ ಹಂಚಿಕೊಂಡವರಿಗೂ ಕೈ ಮುಗಿಯುತ್ತೇನೆ. ಕಾಲು ಉಳಿಯಿತು. ಈ ಶಿವರಾತ್ರಿಗೆ ಅವನು ತಾಯಿಯನ್ನು ಕರೆದುಕೊಂಡು ಬಂದು ಮೆಟ್ಟಿಲು ಹತ್ತಿದ, ಸ್ವಲ್ಪ ಕುಂಟುತ್ತಾನೆ. ಆ ತಾಯಿ ದೇವರಿಗಿಂತ ಮೊದಲು ಭಟ್ಟರ ಮನೆಯ ಅಡುಗೆಮನೆಗೆ ಹೋದರು.

ಆ ರಾತ್ರಿಯ ನಂತರ ಕೆಲಸ ನಿಲ್ಲಿಸಿಬಿಡೋಣ ಎಂದು ನಾನು ಸಮಿತಿಗೆ ಹೇಳಿದ್ದೆ. ಮೇಲಿನಿಂದ ಅಮ್ಮ ಹೇಳಿ ಕಳಿಸಿದರು: ಅಗೆದು ಬಿಟ್ಟ ದಾರಿ ಮೊದಲಿನ ದಾರಿಗಿಂತ ಕೆಟ್ಟದ್ದು, ಮಳೆ ಹಿಡಿದರೆ ಮಣ್ಣೆಲ್ಲ ಹಳ್ಳಕ್ಕೆ ಹೋಗುತ್ತದೆ, ಬೇಗ ತೊಲೆ ಹಾಕಿಸಿ. ಸಮಾಧಾನದ ಮಾತು ಒಂದೂ ಇರಲಿಲ್ಲ, ಕೆಲಸದ ಮಾತು ಮಾತ್ರ. ಆರಿದ್ರ ಮಳೆಗೆ ಮೊದಲು ಸಂಕ ಮುಗಿಯಿತು. ದೀಪಾವಳಿಯ ನಂತರ ಮೆಟ್ಟಿಲಿನ ಕೆಲಸ ಮತ್ತೆ ಶುರುವಾಯಿತು.

ಅದೇ ಮಳೆಗಾಲದಲ್ಲಿ, 2025ರ ಜುಲೈ 14ರಂದು, ನೆರೆಯ ಸಾಗರ ತಾಲ್ಲೂಕಿನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾಯಿತು. ಎಲ್ಲರೂ ಅದನ್ನು ಸಿಗಂದೂರು ಸೇತುವೆ ಎಂದೇ ಕರೆದರು. ಚೌಡೇಶ್ವರಿಯ ಭಕ್ತರು ಲಾಂಚಿಗೆ ಕಾಯುವುದು ತಪ್ಪಿತೆಂದು ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ಲಿಂಗನಮಕ್ಕಿ ಅಣೆಕಟ್ಟೆಯ ನೀರು ನಿಂತ ಅರವತ್ತರ ದಶಕದಿಂದ ಕಾದವರು ಹಿನ್ನೀರಿನ ಆಚೆಯ ತುಮರಿ ಭಾಗದ ಜನ. ದಿನದ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದರೆ ಏನು ಗತಿ ಎಂದು ಲೆಕ್ಕ ಹಾಕಿ ಬದುಕಿದವರು ಅವರು. ನಮ್ಮದು ಅದರ ಎದುರು ಲೆಕ್ಕಕ್ಕೇ ಬಾರದ ಸಂಕ. ದೇವರ ಕಡೆಗೆ ಹೋಗುವ ದಾರಿ ಎಂದು ಹೇಳಿ ದುಡ್ಡು ಕೂಡಿಸಿದೆವು, ಹಾಗೆ ಹೇಳದಿದ್ದರೆ ಇಷ್ಟು ಕೂಡುತ್ತಿರಲಿಲ್ಲ ಎಂಬುದೂ ನಿಜವೇ. ದೇವರ ಹತ್ತಿರ ಇರುವವರಿಗೆ ಅದು ಊರಿನ ಕಡೆಗೆ ಬರುವ ದಾರಿ. ಕಳೆದ ಶ್ರಾವಣದಲ್ಲಿ ಅಮ್ಮ ತಂಗಿಯ ಮನೆಯ ಪೂಜೆಗೆ ಹೋಗಿ, ಉಂಡು, ಸಂಜೆಗೆ ಮರಳಿ ಮನೆ ಸೇರಿದರು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಶ್ರಾವಣದಲ್ಲಿ ಗುಡ್ಡ ಇಳಿದದ್ದು ಅದೇ ಮೊದಲು ಎಂದು ಭಟ್ಟರು ಹೇಳಿದರು.

ಅಮ್ಮ, ನೀವು ಇದನ್ನು ಓದುವುದಿಲ್ಲ, ಮೊಮ್ಮಗಳು ಓದಿ ಹೇಳಿದರೆ ಮೇಷ್ಟರಿಗೆ ಬೇರೆ ಕೆಲಸವಿಲ್ಲ ಎನ್ನುತ್ತೀರಿ. ಆದರೂ ನಿಮ್ಮ ಋಣ ಇಂಥದ್ದು ಎಂದು ನಾಲ್ಕು ಜನರ ಎದುರು ಹೇಳದೆ ಇರಲು ನನ್ನಿಂದ ಆಗಲಿಲ್ಲ.

ಉಳಿದವರಿಗೆ ಎರಡು ಕೋರಿಕೆ. ಮುಂಗಾರು ಹಿಡಿಯುವ ಮೊದಲು ಮೆಟ್ಟಿಲ ಪಕ್ಕದ ಚರಂಡಿಯ ತರಗೆಲೆ ತೆಗೆಯಬೇಕು, ಇಲ್ಲದಿದ್ದರೆ ನೀರು ಮೆಟ್ಟಿಲಿನ ಮೇಲೆಯೇ ಹರಿದು ಹಾವಸೆ ಕಟ್ಟುತ್ತದೆ. ಯುವಕ ಸಂಘದವರು ದಿನ ತಿಳಿಸುತ್ತಾರೆ, ಗುದ್ದಲಿ ನೀವೇ ತರಬೇಕು. ಎರಡನೆಯದು, ದರ್ಶನಕ್ಕೆ ಹತ್ತುವವರು ಸಂಕದ ಬಳಿಯ ಕಿರಾಣಿ ಅಂಗಡಿಯಲ್ಲಿ ಒಂದು ಮಾತು ಕೇಳಿ. ಭಟ್ಟರ ಮನೆಗೆ ಹೋಗಬೇಕಾದ ಸಾಮಾನು ಅಲ್ಲಿರುತ್ತದೆ, ಕೈಗೆ ಬಂದಷ್ಟು ಒಯ್ಯಿರಿ. ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ, ಅದರ ಮೇಲೆ ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ. ಅದನ್ನು ಹೊರುವ ಪಾಳಿಯ ಪಟ್ಟಿಯನ್ನು ಅದೇ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇವೆ. ಆಷಾಢ ಮತ್ತು ಭಾದ್ರಪದದ ಸಾಲುಗಳು ಇನ್ನೂ ಖಾಲಿ ಇವೆ. ಗೋಡೆಯ ಮೇಲೆ ಹೆಸರು ಕೇಳಿದವರು ದಯವಿಟ್ಟು ಅಲ್ಲಿ ಬರೆಸಬೇಕು.